ಕೀಲಿ ಕೊಟ್ಟು ಹುಕ್ಕೇರಿಗೆ ಹೋದವರು

ನಮ್ಮ ಪಡಸಾಲೆಯ ಗೋಡೆಗೆ ಮೊಮ್ಮಗನ ಒಂದು ಫೋಟೋ ತೂಗುಹಾಕಿದ್ದೇವೆ. ಹುಟ್ಟಿ ಇನ್ನೂ ಎರಡು ವಾರ ತುಂಬದ ಕೂಸು. ಬೆತ್ತದ ಬುಟ್ಟಿಯಲ್ಲಿ, ಹಾಲುಕೆನೆ ಬಣ್ಣದ ಬಟ್ಟೆ ಸುತ್ತಿಕೊಂಡು, ಒಂದು ಮುಷ್ಟಿಯನ್ನು ಗದ್ದಕ್ಕೆ ಊರಿ, ಯಾವುದೋ ದೊಡ್ಡ ಕಚೇರಿಯ ಜವಾಬ್ದಾರಿ ಮುಗಿಸಿ ಬಂದವರ ಹಾಗೆ ಮಲಗಿದೆ. ಒಂದು ಬದಿಯಿಂದ ಬಂದ ಬೆಳಕು ಕೆನ್ನೆಯ ಮೇಲಿನ ಸಣ್ಣ ರೋಮಗಳನ್ನೂ ಬಿಡದೆ ಸವರಿದೆ. ಮನೆಗೆ ಬಂದವರು ಅದರ ಮುಂದೆ ನಿಂತು, "ಯಾವ ಸ್ಟುಡಿಯೋದಾಗ ತಗಸೀರಿ? ಬೆಳಗಾವಿಯಾಗೇನು?" ಎಂದು ಕೇಳುತ್ತಾರೆ.

"ಇಲ್ರಿ, ಮನ್ಯಾಗ" ಎನ್ನುತ್ತೇನೆ.

ಯಾರ ಮನೆಯಲ್ಲಿ ಎಂದು ಯಾರೂ ಕೇಳುವುದಿಲ್ಲ. ಎಲ್ಲಿ ಕೇಳಿಬಿಡುತ್ತಾರೋ ಎಂದು ನಾನೇ ಚಾ ತರುವ ನೆಪ ಮಾಡಿ ಒಳಗೆ ಹೋಗುತ್ತೇನೆ. ನನ್ನ ಸ್ವಭಾವವೇ ಹಾಗೆ. ಕೀಲಿ ಹಾಕಿದ ಮೇಲೂ ತಿರುಗಿ ಬಂದು ಬಾಗಿಲು ಜಗ್ಗಿ ನೋಡುವವನು ನಾನು. "ಇವರಿಗೆ ಒಂದು ದಿವಸ ಚಿಂತಿ ಇಲ್ಲಂದ್ರ, ಯಾಕಿಲ್ಲ ಅಂತ ಚಿಂತಿ ಮಾಡ್ತಾರ" ಎಂದು ನನ್ನ ಹೆಂಡತಿ ಬೀಗರ ಮುಂದೆಯೇ ಹೇಳುತ್ತಾಳೆ. ಆದರೆ ಈ ಫೋಟೋದ ಮುಂದೆ ನಿಂತಾಗ ನನಗೆ ಆಗುವುದು ಚಿಂತೆಯಲ್ಲ. ಅದಕ್ಕೆ ಬೇರೆ ಹೆಸರಿದೆ.

ಆ ಬೆಳಕು ನಮ್ಮ ಮನೆಯದಲ್ಲ. ಬಾಜೂ ಮನೆಯದು. ಅಕ್ಕೋರದು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಗೋಕಾಕಿನಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದಾರು, ಆದರೆ ನಮ್ಮ ಓಣಿಯಲ್ಲಿ ಆ ಹೆಸರಿಗೆ ಹಕ್ಕುದಾರರು ಒಬ್ಬರೇ. ಅವರ ಖರೆ ಹೆಸರು ಮತಚೀಟಿಯಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಕನ್ನಡ ಸಾಲಿಯಲ್ಲಿ ನೌಕರಿ ಮಾಡಿದಷ್ಟು ದಿನವೂ ಒಂದನೇ ಇಯತ್ತೆಗೇ ಕಲಿಸಿದರು. ಮೇಲಿನ ವರ್ಗ ಕೊಡುತ್ತೇವೆಂದರೂ ಒಲ್ಲೆ ಎಂದರಂತೆ. "ಎರಡನೇತ್ತಾಕ್ಕ ಬರೂದ್ರಾಗ ಹುಡುಗರು ಶ್ಯಾಣ್ಯಾ ಆಗಿರ್ತಾವ. ಶ್ಯಾಣ್ಯಾ ಮಂದಿ ನನಗ ಸೇರಂಗಿಲ್ಲ" ಎನ್ನುತ್ತಿದ್ದರು. ಹೀಗೆನ್ನುವಾಗ ನನ್ನ ಕಡೆ ನೋಡಿ, "ನೀ ಬಾ, ನಿನಗೇನೂ ಅಡ್ಡಿಯಿಲ್ಲ" ಎಂದು ಸೇರಿಸುತ್ತಿದ್ದರು.

ಜೀವನವಿಡೀ ಆರು ವರ್ಷದವರ ನಡುವೆ ಕಳೆದವರಿಗೆ ಜಗತ್ತಿನಲ್ಲಿ ಯಾರೂ ಅದಕ್ಕಿಂತ ದೊಡ್ಡವರಾಗಿ ಕಾಣುವುದಿಲ್ಲ. ಒಂದು ಮದುವೆಯ ಊಟದಲ್ಲಿ ಸಕ್ಕರೆ ಕಾರ್ಖಾನೆಯ ದೊಡ್ಡ ಸಾಹೇಬರೊಬ್ಬರು ಪಂಕ್ತಿಗೆ ಕೂರಲು ಬಂದರು. ಹಿಂದೆ ಮುಂದೆ ಮಂದಿ. ಅಕ್ಕೋರು ತಲೆಯೆತ್ತಿ ನೋಡಿ, "ಕೈ ತೊಳದೇನು?" ಎಂದರು. ಸಾಹೇಬರು ಒಂದು ಕ್ಷಣ ನಿಂತು, ಎರಡೂ ಅಂಗೈ ಮುಂದೆ ಚಾಚಿ ತೋರಿಸಿ, ತಮ್ಮ ಕೈ ತಾವೇ ನೋಡಿಕೊಂಡು, ಸುಮ್ಮನೆ ನಳದ ಕಡೆ ನಡೆದರು. ಜೊತೆಗೆ ಬಂದವರೂ ಹಿಂದೆ ಸಾಲಾಗಿ ಹೋದರು. ಊಟ ಮುಗಿಸಿ ಎದ್ದವರು "ಆಯ್ತ್ರೀ ಅಕ್ಕೋರ" ಎಂದು ಹೇಳಿಯೇ ಹೊರಬಿದ್ದರು.

ನಿವೃತ್ತಿಯಾದ ಮೇಲೂ ಸೀಮೆಸುಣ್ಣ, ಅಂದರೆ ನಮ್ಮ ಕಡೆಯ ಖಡು, ಬಿಡಲಿಲ್ಲ. ಸೆರಗಿನ ತುದಿಗೆ ಬೇರೆಯವರು ಕೀಲಿ ಕಟ್ಟಿಕೊಂಡರೆ ಇವರು ಖಡು ಕಟ್ಟಿಕೊಳ್ಳುತ್ತಿದ್ದರು. ನೀರಿನ ಕೊಡದ ಮೇಲೆ "ಕುಡಿಯೂದು", ಬಕೆಟ್ಟಿನ ಮೇಲೆ "ಬಳಸೂದು". ಮನೆಯಲ್ಲಿದ್ದಾಗ ಬಾಗಿಲ ಮೇಲೆ "ಒಳಗ ಅದೇನಿ". ಬೀದಿಯ ಕರಿನಾಯಿಯ ಮೇಲೂ ಏನಾದರೂ ಬರೆಯುತ್ತಿದ್ದರೋ ಏನೋ, ಅದು ನಿಲ್ಲಲಿಲ್ಲ. ಅಕ್ಷರಗಳೋ, ಒಂದೊಂದೂ ಹೊಟ್ಟೆ ತುಂಬ ಹಾಲು ಕುಡಿದು ದುಂಡಗಾದ ಕೂಸಿನಂತಿರುತ್ತಿದ್ದವು. ನನ್ನ ಮಗಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಇವತ್ತಿಗೂ ಅವಳು ಕಿರಾಣಿ ಚೀಟಿ ಬರೆದರೆ ಉಪ್ಪು, ಸಾಸಿವೆ ಎಲ್ಲ ದುಂಡಗೆ ಕಾಣುತ್ತವೆ.

ಗಂಡ ಬಹಳ ಹಿಂದೆ ತೀರಿಕೊಂಡಿದ್ದರು. ಮಕ್ಕಳಾಗಿರಲಿಲ್ಲ. ಇಷ್ಟೇ ಸಾಕಾಗಿತ್ತು ಓಣಿಗೆ.

ಓಣಿಯಲ್ಲಿ ಯಾರದಾದರೂ ಮನೆಗೆ ಆಸ್ಪತ್ರೆಯಿಂದ ಹಸಿಗೂಸು ಬಂತೆಂದರೆ, ಅವತ್ತು ಅಕ್ಕೋರು ಇರುತ್ತಿರಲಿಲ್ಲ. ತೊಟ್ಟಿಲಿಗೆ ಹಾಕುವ ದಿನವೂ ಇರುತ್ತಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕರದಂಟಿನ ಡಬ್ಬಿ ಕೈಚೀಲದಲ್ಲಿಟ್ಟುಕೊಂಡು, ಬಾಗಿಲ ಮೇಲಿನ "ಒಳಗ ಅದೇನಿ" ಅಳಿಸಿ "ಹುಕ್ಕೇರಿ" ಎಂದು ಬರೆದು ಹೊರಡುತ್ತಿದ್ದರು. "ಅಕ್ಕಗ ಭೆಟ್ಟಿ ಆಗಿ ಬರ್ತೇನಿ. ಸ್ಟ್ಯಾಂಡಿನ ಎದುರಿಗೇ ಐತಿ, ಬಸ್ ಇಳದ್ರ ಮನಿ" ಎನ್ನುತ್ತಿದ್ದರು. ಸಂಜೆ ಬರುವಾಗ ಡಬ್ಬಿ ಖಾಲಿ, ಮುಖ ಮಾತ್ರ ತುಂಬಿಕೊಂಡಿರುತ್ತಿತ್ತು. ಆ ಹುಕ್ಕೇರಿ ಅಕ್ಕನಿಗೆ ನಮ್ಮ ಓಣಿಯ ಹೆರಿಗೆಗಳ ಲೆಕ್ಕ ಹೇಗೆ ಸಿಗುತ್ತದೆ, ಸರಿಯಾಗಿ ಅದೇ ದಿನಗಳಲ್ಲಿ ತಂಗಿ ಯಾಕೆ ನೆನಪಾಗುತ್ತಾಳೆ ಎಂದು ಯಾರೂ ಕೇಳಿದ್ದಿಲ್ಲ. ಎಲ್ಲರಿಗೂ ಅನುಕೂಲವಾಗಿದ್ದ ಸಂಗತಿಯನ್ನು ಯಾರು ಯಾಕೆ ಕೆದಕಿ ನೋಡುತ್ತಾರೆ?

ಮತ್ತೆ ಅದೇ ಕೂಸು ಮೂರು ವರ್ಷದ್ದಾಗುತ್ತಲೂ ತಾಯಂದಿರೇ ಕೈಗೊಂದು ಪಾಟಿ ಕೊಟ್ಟು, "ಹೋಗು, ಅಕ್ಕೋರ ಕಡೆ ಕುಂದ್ರ ಹೋಗು" ಎಂದು ದಬ್ಬುತ್ತಿದ್ದರು. ತೊಟ್ಟಿಲಲ್ಲಿ ತಾಗುವ ದೃಷ್ಟಿ ಪಾಟಿ ಹಿಡಿದ ಮೇಲೆ ತಾಗುವುದಿಲ್ಲವೆಂಬ ಶಾಸ್ತ್ರ ಎಲ್ಲಿಯದೋ ಗೊತ್ತಿಲ್ಲ. ಅಕ್ಕೋರಿಗೆ ಗೊತ್ತಿತ್ತು. ಒಮ್ಮೆ ಸೂಜಿಗೆ ದಾರ ಪೋಣಿಸುತ್ತ ಕೂತವರು ನನ್ನ ಹೆಂಡತಿಗೆ ಹೇಳಿದ್ದರು: "ನನ್ನ ಕಣ್ಣಿಂದು ಭಾಳ ಮಜಾ ಐತಿ ನೋಡವಾ. ಚಷ್ಮಾ ಹಾಕ್ಕೊಂಡ್ರೂ ಎದುರಿಗಿನ ಸೂಜಿ ಕಾಣವಲ್ದು. ಆದ್ರ ನಾಕು ಗ್ವಾಡಿ ಆಚೆ ಮಲಗಿದ ಕೂಸಿಗೆ ಹೋಗಿ ಬಡೀತೈತಂತ." ಹೇಳಿ ತಾವೇ ನಕ್ಕರು. ನನ್ನ ಹೆಂಡತಿ ನಗಬೇಕೋ ಬೇಡವೋ ತಿಳಿಯದೆ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟಳಂತೆ.

ಮಗಳನ್ನು ಮೂಡಲಗಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಕೂಸು ಹುಟ್ಟಿದ ಮೂರನೇ ದಿನಕ್ಕೇ ಅಳಿಯನ ಫೋನು ಬಂತು: "ಮಾವಾರ, ಮನಿಗೇ ಬಂದು ಕೂಸಿನ ಫೋಟೋ ತಗಿಯಾವ್ರು ಅದಾರ. ಎರಡು ವಾರದೊಳಗ ತಗೀಬೇಕಂತ. ಆಮ್ಯಾಲೆ ಹಂಗ ಮುದುಡಿ ಮಲಗೂದಿಲ್ಲಂತ." ನಮ್ಮ ಕಾಲದಲ್ಲಿ ಕೂಸಿನ ಮೊದಲ ಫೋಟೋ ಎಂದರೆ ಜವಳ ತೆಗೆಸುವಾಗ ಬೋಳುತಲೆಯಲ್ಲಿ ಅಳುತ್ತಿರುವುದು. ನಾನು ಹೂಂ ಎಂದೆ. ಅಂದಿನಿಂದ ನನ್ನ ನಿದ್ದೆ ಹಾರಿತು.

ಫೋಟೋ ತೆಗೆಯುವ ಹುಡುಗಿ ಮೂಡಲಗಿಯವಳೇ. ಏನೇನು ತಯಾರಿ ಬೇಕೆಂದು ಮೊಬೈಲಿನಲ್ಲಿ ಹೇಳಿ ಕಳಿಸಿದ್ದಳು. ಕೋಣೆ ಬೆಚ್ಚಗಿರಬೇಕು, ಆದರೆ ಹೊಗೆ ಇರಬಾರದು. ಫೋಟೋಕ್ಕೆ ಮೊದಲು ಹಾಲು ಕುಡಿಸಿರಬೇಕು. ಉಗುರು ಕತ್ತರಿಸಿರಬೇಕು. ಬಟ್ಟೆಗಳನ್ನು ವಾಸನೆ ಇಲ್ಲದ ಸೋಪಿನಲ್ಲಿ ಒಗೆದಿರಬೇಕು. ಕಾಡಿಗೆ ಬೊಟ್ಟು ಬೇಡ. ನಾನು ಒಂದೊಂದನ್ನೂ ಚಿಂತೆಯಾಗಿ ಪರಿವರ್ತಿಸಿದೆ. ಹೀಟರು ತಂದರೆ ಮೀಟರು ಹಾರೀತೇ? ಅದೇ ಹೊತ್ತಿಗೆ ಕರೆಂಟು ಹೋದರೆ? ಉಗುರು ತೆಗೆಯುವಾಗ ಬೆರಳು ಕತ್ತರಿಸಿದರೆ? ಸೋಪಿನ ವಾಸನೆ ನೋಡಲು ಅಂಗಡಿಯಲ್ಲಿ ನಿಂತು ಎಷ್ಟು ಸೋಪು ಮೂಸಿದೆನೆಂದರೆ, ಅಂಗಡಿಯವನು "ಕಾಕಾ, ಇದು ತಿನ್ನೂದಲ್ರಿ" ಎಂದ.

ಹಿಂದಿನ ದಿನ ಆ ಹುಡುಗಿ ಜಾಗ ನೋಡಲು ಬಂದಳು. ನಮ್ಮ ಬಾಣಂತಿ ಕೋಣೆಗೆ ಇರುವುದೇ ಒಂದು ಕಿಟಕಿ. ಅದಕ್ಕೂ ಗಾಳಿ ಬರಬಾರದೆಂದು ನನ್ನ ಹೆಂಡತಿ ಹಳೆಯ ಲುಂಗಿ ತುರುಕಿದ್ದಳು. ಒಳಗೆ ಶೇಗಡಿಯ ಕೆಂಡ, ಲೋಬಾನದ ಹೊಗೆ. ಹುಡುಗಿ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಕಾಕಾ, ಇಲ್ಲಿ ಕೂಸು ಎಲ್ಲಿ ಐತಿ ಅನ್ನೂದ ಕಾಣವಲ್ದಲ್ರಿ."

ಬೆಳಕು ಹುಡುಕುತ್ತ ಓಣಿಯಲ್ಲಿ ನಡೆದಳು, ಹಿಂದೆ ನಾನು. ನಮ್ಮ ಮನೆ ದಾಟಿದರೆ ಓಣಿಯ ಕೊನೆಯ ಮನೆ, ಅಕ್ಕೋರದು. ಅದರ ಮೂಡಣ ದಿಕ್ಕಿಗೆ ಬಯಲು, ದೊಡ್ಡ ಕಿಟಕಿ. ಹುಡುಗಿ ಸರಳು ಹಿಡಿದು ಒಳಗೆ ನೋಡುತ್ತ ನಿಂತಳು.

"ಏ ಹುಡುಗಿ, ಮಂದಿ ಮನಿ ಕಿಡಕ್ಯಾಗ ಏನ್ ನೋಡ್ತಿ?"

"ನಿಮ್ಮನ್ಯಾಗಿನ ಬೆಳಕ ನೋಡಾಕತ್ತೇನ್ರಿ ಅಮ್ಮಾ."

"ನೋಡು ನೋಡು. ಅದಕ್ಕೇನು ನಾ ಬಾಡಿಗಿ ಕೇಳೂದಿಲ್ಲ. ಏನ್ ಬೇಕಾಗಿತ್ತು?"

ನಾನು ಹೇಳಿದೆ. ಅಕ್ಕೋರ ಕೈ ಒಂದು ಕ್ಷಣ ಬಾಗಿಲ ಚಿಲಕದ ಮೇಲೆ ನಿಂತಿತು. ಆಮೇಲೆ, "ಒಳಗ ಬರ್ರಿ. ಚಪ್ಪಲಿ ಸಾಲಾಗಿ ಬಿಡ್ರಿ" ಎಂದರು.

ಅವರು ಆ ಮಧ್ಯಾಹ್ನ ಮಾಡಿದ ಗದ್ದಲ ನೋಡಬೇಕಿತ್ತು. ಪಡದೆ ಬಿಚ್ಚಿದರು. ಕ್ಯಾಲೆಂಡರು ತೆಗೆದರು. ಮಂಚವನ್ನು ನನ್ನ ಕೈಯಲ್ಲಿ ಆ ಕಡೆ ಈ ಕಡೆ ಸರಿಸಿಸಿ ಮತ್ತೆ ಇದ್ದಲ್ಲಿಗೇ ತರಿಸಿದರು. "ಯಾಕ ತಮ್ಮಾ, ಕಚೇರ್ಯಾಗ ಬರೇ ಕುಂತು ಕುಂತು ನಡಾ ಹೋತೇನು?" ಹುಡುಗಿಗೆ ನೂರೆಂಟು ಪ್ರಶ್ನೆ. ಕೂಸು ಅತ್ತರೆ ಏನು ಮಾಡುತ್ತೀ, ಉಚ್ಚಿ ಹೊಯ್ದರೆ ಮತ್ತೊಂದು ಬಟ್ಟೆ ಇದೆಯೇ, ಬುಟ್ಟಿಯ ಬೆತ್ತ ಚುಚ್ಚುವುದಿಲ್ಲವೇ. ಬುಟ್ಟಿಯ ತಳದಲ್ಲಿ ಹಾಸಲು ಮೆತ್ತಗಾದ ತಮ್ಮ ಹಳೆಯ ಸೀರೆಯೊಂದನ್ನು ತೆಗೆದಿಟ್ಟರು. ಅವರನ್ನು ಅಷ್ಟು ಹುರುಪಿನಲ್ಲಿ ನಾನು ಎಂದೂ ನೋಡಿರಲಿಲ್ಲ.

ಮನೆಗೆ ಬಂದಾಗ ಮಗಳು, "ಅಪ್ಪಾ, ಅಕ್ಕೋರ ಮನಿ ಅಂದ್ರ ಅಕ್ಕೋರೂ ಇರಬೇಕು. ಒಂದು ಫೋಟೋದಾಗ ಕೂಸು ಅವರ ಕೈಯಾಗಿರಬೇಕು. ನೀವ ಹೋಗಿ ಕರೀರಿ" ಎಂದಳು. ಕರೆಯುತ್ತೇನೆ ಎಂದೆ. ಮನಸ್ಸಿನಲ್ಲಿಯೂ ಹಾಗೇ ಇತ್ತು.

ಅಷ್ಟರಲ್ಲಿ ಮೂಡಲಗಿಯಿಂದ ಬೀಗತಿಯ ಫೋನು. ಮರುದಿನ ಅವರೂ ಬರುವವರಿದ್ದರು. "ಬೀಗರ, ಬಾಜೂ ಮನ್ಯಾಗ ಫೋಟೋ ಅಂತಲ್ರಿ. ಆ ಅಕ್ಕೋರಿಗೆ ಮಕ್ಕಳಿಲ್ಲಲ್ರಿ?" ಎಂದರು. "ಇಲ್ರಿ" ಎಂದೆ. "ಮನಿ ಇರಲಿ, ಮನೀದೇನು ತಪ್ಪು. ಆದ್ರ ಅವರು ಎದುರಿಗೆ ಇರಬಾರದ್ರಿ. ನಾ ಹೇಳೂದು ನಿಮಗ ತಿಳೀತೈತಿ." ಅವರನ್ನು ಕೆಟ್ಟವರೆನ್ನಲಾರೆ. ಅವರ ಮೊದಲ ಕೂಸು ತೊಟ್ಟಿಲಿನಲ್ಲೇ ಹೋಗಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ಅಷ್ಟು ವರ್ಷ ಹೊತ್ತುಕೊಂಡು ಬಂದ ಭಯವನ್ನು ಇಳಿಸಲು ಅವರಿಗೆ ಯಾರದಾದರೂ ಒಂದು ಮುಖ ಬೇಕಾಗಿತ್ತು. "ತಿಳೀತ್ರಿ" ಎಂದೆ.

"ಬೀಗತಿಯಾರ, ಅವರು ನಮ್ಮ ಮನಿಯವ್ರು ಇದ್ದಂಗ. ಅವರೂ ಇರ್ತಾರ" ಎನ್ನಬೇಕಾಗಿತ್ತು. ಇಷ್ಟೇ ಮಾತು. ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಹೇಳಿದ್ದೇನೆ, ಕಚೇರಿಗೆ ಹೋಗುವಾಗ, ಸ್ನಾನ ಮಾಡುವಾಗ, ಗಟ್ಟಿಯಾಗಿ, ಒಳ್ಳೆಯ ದನಿಯಲ್ಲಿ.

ಸಂಜೆ ಅಕ್ಕೋರ ಮನೆಗೆ ಹೋದೆ. ಕರೆಯಲೋ, ಬರಬೇಡಿ ಎನ್ನಲೋ, ಹೊಸ್ತಿಲು ದಾಟುವ ತನಕ ನನಗೇ ತಿಳಿದಿರಲಿಲ್ಲ. ಅವರು ನೆಲ ಸಾರಿಸಿ ಮುಗಿಸಿ, ಕೈ ಒರೆಸಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆದೆ.

"ನಾಳೆ ನಾ ಇರಂಗಿಲ್ಲ ತಮ್ಮಾ" ಎಂದರು. "ಹುಕ್ಕೇರಿಗೆ ಹೊಂಟೇನಿ. ಅಕ್ಕಗ ಆರಾಮಿಲ್ಲಂತ. ತಗೋ, ಕೀಲಿ."

ನಾನು ಉಸಿರು ಬಿಟ್ಟೆ.

ಅದೊಂದು ಉಸಿರು, ಅಷ್ಟೇ. ಬೇಕೆಂದು ಬಿಟ್ಟದ್ದಲ್ಲ. ತಲೆಯ ಮೇಲಿನ ಚೀಲವನ್ನು ಯಾರೋ ಬಂದು ಇಳಿಸಿದಾಗ ಬರುವಂಥದು. ಆದರೆ ಆ ಕೋಣೆಯಲ್ಲಿ ಪಡದೆ ಇರಲಿಲ್ಲ, ಗೋಡೆಗೆ ಕ್ಯಾಲೆಂಡರೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಎಲ್ಲ ಸಪ್ಪಳವೂ ದೊಡ್ಡದು. ಅಕ್ಕೋರು ಕೇಳಿಸಿಕೊಂಡರು. ನನ್ನ ಮುಖ ನೋಡದೆ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು. ಮಕ್ಕಳ ಕೈಗೆ ಪೆಪ್ಪರಮಿಂಟು ಕೊಡುವಾಗ ಹಾಗೆ ಮಡಚುತ್ತಿದ್ದರು.

"ಹಿಂದಿನ ಬಾಗಿಲ ಚಿಲಕ ಬಿಗಿ ಐತಿ, ಸ್ವಲ್ಪ ಎತ್ತಿ ತಗೀಬೇಕು" ಎಂದರು.

ಮಗಳಿಗೆ ಬಂದು, "ಅವರಿಗೆ ಹುಕ್ಕೇರಿಗೆ ಹೋಗೂದೈತಂತ" ಎಂದೆ. ಸುಳ್ಳಲ್ಲವಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಯ ಕೀಲಿ ತೆಗೆದಾಗ ಬಾಗಿಲ ಮೇಲೆ ಎಂದಿನಂತೆ "ಹುಕ್ಕೇರಿ" ಎಂದಿತ್ತು. ಒಳಗೆ, ಕಿಟಕಿಯ ಮುಂದಿನ ನೆಲದ ಮೇಲೆ, ಸೀಮೆಸುಣ್ಣದಲ್ಲಿ ಒಂದು ದುಂಡನೆಯ ಗೆರೆ. ಅದರ ಪಕ್ಕದಲ್ಲಿ ಅವರ ಅಕ್ಷರದಲ್ಲಿ "ಇಲ್ಲಿ" ಎಂದು ಬರೆದಿತ್ತು. ಹುಡುಗಿ ಕ್ಯಾಮೆರಾ ಹಿಡಿದು ಕೋಣೆಯೆಲ್ಲ ಸುತ್ತಿ, ಕೊನೆಗೆ ಬುಟ್ಟಿಯನ್ನು ಅಲ್ಲಿಯೇ ಇಟ್ಟಳು. "ಯಾರೋ ಬೆಳಕ ಕಾಯ್ಕೊಂಡು ಕುಂತು ಬರದಾರ್ರಿ ಇದನ್ನ" ಎಂದಳು.

ಎಲ್ಲ ಸುಸೂತ್ರವಾಯಿತು. ನಾನು ಚಿಂತೆ ಮಾಡಿದ ಒಂದೂ ಆಗಲಿಲ್ಲ. ಮೀಟರು ಹಾರಲಿಲ್ಲ, ಕೂಸು ಸೀನಲಿಲ್ಲ. ಬೊಟ್ಟಿನ ಸಲುವಾಗಿ ಮಾತ್ರ ಸ್ವಲ್ಪ ಹೊತ್ತು ಜಗ್ಗಾಟ ನಡೆಯಿತು. ಬೊಟ್ಟಿಲ್ಲದೆ ಕ್ಯಾಮೆರಾದ ಎದುರು ಇಡುವುದಿಲ್ಲ ಎಂದು ಬೀಗತಿ, ಕೆನ್ನೆಗೆ ಹಚ್ಚಿದರೆ ಫೋಟೋ ಕೆಡುತ್ತದೆ ಎಂದು ಹುಡುಗಿ. ಕಡೆಗೆ ಅಂಗಾಲಿಗೆ ಹಚ್ಚಿ ಬಟ್ಟೆ ಸುತ್ತಿದರು. ಬೀಗತಿ ಕಿಟಕಿಯ ಕಡೆ ನೋಡಿ ನೋಡಿ, "ಏನ್ ಬೆಳಕೈತ್ರಿ ಈ ಮನ್ಯಾಗ! ಪುಣ್ಯೇದ ಮನಿ" ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಹೀಟರಿನ ವಾಯರು ಸರಿಮಾಡುತ್ತ ಬಗ್ಗಿದೆ.

ಮುಗಿದ ಮೇಲೆ ಬೀಗತಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕೂಸಿಗೆ ದೃಷ್ಟಿ ತೆಗೆದು, ಹಿತ್ತಲಲ್ಲಿ ಕೆಂಡಕ್ಕೆ ಹಾಕಿದರು. ಅಕ್ಕೋರ ಹಿತ್ತಲು. ಅಕ್ಕೋರ ದೃಷ್ಟಿ ಕೂಸಿಗೆ ತಾಗದಿರಲೆಂದು ಅಕ್ಕೋರ ಮನೆಯಲ್ಲಿಯೇ ಮೆಣಸಿನಕಾಯಿ ಸುಟ್ಟೆವು. ಘಾಟಿಗೆ ಎಲ್ಲರಿಗೂ ಕೆಮ್ಮು. ಕಿಟಕಿ ತೆರೆದಿಟ್ಟೆ, ಬಾಗಿಲು ತೆರೆದಿಟ್ಟೆ, ಅವರ ಪಡದೆಯಿಂದಲೇ ಗಾಳಿ ಹಾಕಿದೆ. ನನ್ನ ಬಾಳಿನಲ್ಲಿ ಅಷ್ಟು ಮನಸ್ಸಿಟ್ಟು ಇನ್ನಾವ ಕೆಲಸವನ್ನೂ ಮಾಡಿಲ್ಲ. ಘಾಟು ಮಾತ್ರ ಹೋಗಲಿಲ್ಲ.

ಸಂಜೆ ಕೀಲಿ ಕೊಡಲು ಹೋದೆ. ಅವರು ಬಾಗಿಲು ತೆಗೆದು ಒಳಗೆ ಕಾಲಿಟ್ಟು, ಮೂಗು ಮೇಲೆತ್ತಿದರು.

"ಬ್ಯಾಡಗಿ ಮೆಣಸಿನಕಾಯಿ ಅಲ್ಲ ಇದು" ಎಂದರು. "ಖಾರಂದ ಐತಿ. ಯಾರ ಅಂಗಡೀದು?"

ನಾನು ಹೋಗಿ ಕಿಟಕಿ ತೆರೆದೆ. ಅವರು ಕೈಚೀಲ ಇಳಿಸಿ, "ಹೋಗ್ಲಿ ಬಿಡು. ಕೂಸು ಮಲಗಿತ್ತೇನು?" ಎಂದರು.

"ಮಲಗಿತ್ರಿ."

"ಎಲ್ಲಿ?"

"ನೀವು ಬರದಲ್ಲೇ, ಅಕ್ಕೋರ."

ಲೆಕ್ಕ ಸರಿ ಬಂದಾಗ ಹುಡುಗರ ತಲೆಯ ಮೇಲೆ ಕೈಯಾಡಿಸುವಂತೆ ಗಾಳಿಯಲ್ಲಿ ಕೈಯಾಡಿಸಿ, "ಶಾಬಾಸ್" ಎಂದರು. ನನಗೋ, ಕೂಸಿಗೋ, ತಿಳಿಯಲಿಲ್ಲ. "ಅಕ್ಕ ಹೆಂಗದಾರ್ರಿ?" ಎಂದು ಕೇಳಿದೆ. "ಆರಾಮದಾಳ. ಚಾ ಛಲೋ ಮಾಡ್ತಾಳ" ಎಂದರು.

ಫೋಟೋಗಳು ಬಂದವು. ಒಂದು ಪ್ರತಿ ಅಕ್ಕೋರಿಗೆ ಕೊಡಬೇಕೆಂದು ಮಗಳು ಹೇಳಿದಳು, ನಾನೂ ಲಕೋಟೆಯಲ್ಲಿ ಹಾಕಿಟ್ಟೆ. ಆಮೇಲೆ ಯೋಚನೆ ಶುರುವಾಯಿತು. ಕೊಟ್ಟರೆ ಅವರ ಮನಸ್ಸಿಗೆ ನೋವಾದೀತೇ? ತಮ್ಮ ಮನೆಯಲ್ಲಿ ತಾವಿಲ್ಲದ ಫೋಟೋ. ಗಾಯಕ್ಕೆ ಉಪ್ಪು ಹಚ್ಚಿದಂತಾದೀತೇ? ಬೀಗತಿಗೆ ಗೊತ್ತಾದರೆ? ಇವತ್ತು ಬೇಡ, ಶ್ರಾವಣ ಮುಗಿಯಲಿ. ಶ್ರಾವಣ ಮುಗಿಯಿತು, ಹಬ್ಬ ಬಂತು. ನನ್ನ ಹೇಡಿತನಕ್ಕೆ ಸೂಕ್ಷ್ಮ ಮನಸ್ಸು ಎಂಬ ಬಟ್ಟೆ ತೊಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಲಕೋಟೆ ಕಪಾಟಿನಲ್ಲೇ ಉಳಿಯಿತು. ಅಕ್ಕೋರು ಕೇಳಲಿಲ್ಲ.

ಮೊಮ್ಮಗ ನಡೆಯತೊಡಗಿದ ಮೇಲೆ, ಮೂಡಲಗಿಯಿಂದ ಬಂದಾಗೆಲ್ಲ ಹಗಲಿಡೀ ಅಕ್ಕೋರ ಮನೆಯಲ್ಲೇ. ಅವನಿಗೆ ಅಕ್ಷರ ತಿದ್ದುವ ವಯಸ್ಸಲ್ಲ, ಖಡು ತಿನ್ನುವ ವಯಸ್ಸು. "ತಿನ್ಲಿ ಬಿಡು, ಅಕ್ಷರ ಒಳಗಿಂದ ಬರ್ತಾವ" ಎನ್ನುತ್ತಿದ್ದರು. ಬೀಗತಿ ಒಮ್ಮೆ ಅವನನ್ನು ಅಕ್ಕೋರ ತೊಡೆಯ ಮೇಲೆ ಕಂಡರು. ಬಾಗಿಲಲ್ಲೇ ನಿಂತರು. ಅಕ್ಕೋರೇ, "ಈಗ ಏನೂ ಆಗೂದಿಲ್ಲ ತಂಗೀ, ದೊಡ್ಡಾಂವ ಆದ" ಎಂದರು. ಬೀಗತಿ ಅಲ್ಲಿಯೇ ಕಟ್ಟೆಯ ಮೇಲೆ ಬಹಳ ಹೊತ್ತು ತಲೆ ಬಗ್ಗಿಸಿ ಕೂತಿದ್ದರು.

ಹೋದ ಸಲದ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಅಕ್ಕೋರು ತೀರಿಕೊಂಡರು. ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ. ಗಂಡನ ಅಣ್ಣನ ಮಗ, ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ನೌಕರಿ ಮಾಡುವವರು, ಬಂದು ಎಲ್ಲವನ್ನೂ ಮಾಡಿದರು. ಓಣಿಯ ಹೆಂಗಸರು, "ಹುಕ್ಕೇರಿ ಅಕ್ಕಗ ಹೇಳೀರೇನು? ಅವರು ಬರೂತನಕಾ ತಡೀರಿ" ಎನ್ನುತ್ತಿದ್ದರು. ಅರಭಾವಿಯವರು ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳಿದರು: "ಯಾವ ಅಕ್ಕರೀ? ನಮ್ಮ ಕಾಕು ಒಬ್ಬಾಕೆ ಮಗಳು. ಹುಕ್ಕೇರ್ಯಾಗ ನಮ್ಮವರು ಯಾರೂ ಇಲ್ಲ."

ನಾನು ಹೆಂಗಸರ ಕಡೆ ತಿರುಗಿ, "ಹೇಳಿ ಕಳಿಸೇವ್ರಿ. ಅವರಿಗೆ ಬರಾಕ ಆಗಂಗಿಲ್ಲಂತ" ಎಂದೆ. ಮಾತು ತಡಮಾಡದೆ ಬಾಯಿಗೆ ಬಂತು. ಜೀವನದಲ್ಲಿ ಅದೊಂದೇ ಸಲ.

ಮನೆಗೆ ಬೀಗ ಬಿತ್ತು. ಬಾಗಿಲ ಮೇಲಿನ "ಒಳಗ ಅದೇನಿ" ಹಾಗೆಯೇ ಉಳಿಯಿತು. ಅಳಿಸಲು ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆದರೂ ಕೈ ಬರಲಿಲ್ಲ.

ಕೆಲವು ದಿನಗಳ ಮೇಲೆ ರಜೆ ಹಾಕಿ ಹುಕ್ಕೇರಿಯ ಬಸ್ ಹತ್ತಿದೆ. ಯಾಕೆಂದು ಹೆಂಡತಿಗೆ ಹೇಳಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹತ್ತುವ ಮೊದಲು ಒಂದು ಡಬ್ಬಿ ಕರದಂಟು ತೆಗೆದುಕೊಂಡೆ. ಅವತ್ತು ಹುಕ್ಕೇರಿಯಲ್ಲಿ ಸಂತೆ. ಬಸ್ಸಿಳಿದು ನಿಂತೆ. ಸ್ಟ್ಯಾಂಡಿನ ಎದುರಿಗೆ ಮನೆ ಯಾವುದೂ ಇರಲಿಲ್ಲ. ಒಂದು ಚಾದ ಅಂಗಡಿ ಇತ್ತು, ತಗಡಿನ ಮಾಡು, ಒಂದು ಬೆಂಚು. ಸ್ಟೋವಿನ ಮುಂದೆ ಐವತ್ತರ ಆಚೀಚಿನ ಹೆಂಗಸು.

ಚಾ ಹೇಳಿ ಕೂತೆ. ತಲೆಯೆತ್ತಿದರೆ ದೇವರ ಫೋಟೋಗಳ ಸಾಲಿನಲ್ಲಿ ನನ್ನ ಮೊಮ್ಮಗ ಮಲಗಿದ್ದ.

ಅದೇ ಬುಟ್ಟಿ, ಅದೇ ಮುಷ್ಟಿ, ಅದೇ ಬೆಳಕು. ನಮ್ಮ ಗೋಡೆಯ ಮೇಲಿನದರಲ್ಲಿ ಬುಟ್ಟಿಯ ಕೆಳಗಿನ ನೆಲ ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಇದೆ. ಇದರಲ್ಲಿ ಬುಟ್ಟಿಯ ಸುತ್ತ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ "ಇಲ್ಲಿ" ಎಂಬ ದುಂಡನೆಯ ಅಕ್ಷರ. ನಮ್ಮದರಲ್ಲಿ ಅದನ್ನು ಅಳಿಸಿದ್ದಾರೆಂಬುದು ಅಲ್ಲಿ ಕೂತಾಗಲೇ ನನಗೆ ತಿಳಿದದ್ದು.

ನಾನು ನೋಡುವುದನ್ನು ನೋಡಿ ಆಕೆ, "ಛಲೋ ಐತಲ್ರಿ ಕೂಸು?" ಎಂದಳು. "ಗೋಕಾಕದ ಅಕ್ಕೋರ ಮೊಮ್ಮಗರಿ. ಅವರು ನನಗ ಅಕ್ಕಾ ಅಂತಾರ. ವಯಸ್ಸಿನಾಗ ನನಕಿಂತ ಎಷ್ಟೋ ದೊಡ್ಡಾವರು ಖರೆ, ಆದ್ರೂ ನಾನ ಅಕ್ಕ. ಬಂದ್ರಂದ್ರ ಇಡೀ ದಿನಾ ಇದ ಬೆಂಚಿನ ಮ್ಯಾಲೆ. ಬಸ್ಸಿಗೆ ಬಂದ ಹುಡುಗರಿಗೆಲ್ಲಾ ಕರದಂಟು ಕೊಟ್ಟು, ಕೈ ತೊಳದೇನು, ಕೈ ತೊಳದೇನು ಅಂತ ಕೇಳ್ಕೋತ ಕುಂದರ್ತಾರ."

"ಫೋಟೋ..." ಎಂದೆ.

"ತಗದ ಹುಡುಗಿ ಬಂದು ಒಂದು ಕೊಟ್ಲಂತ್ರಿ. ನಿಮ್ಮ ಮನ್ಯಾಗ ತಗದದ್ದು, ನಿಮಗೊಂದು ಬ್ಯಾಡೇನು ಅಂತ. ಖಡೂಲೆ ಬರದದ್ದು ಅಳಿಸಿ ಕೊಡ್ತೇನಿ ಅಂದಳಂತ. ಬ್ಯಾಡ, ಹಂಗ ಇರಲಿ, ಅದು ನಾ ಬರದದ್ದು ಅಂದ್ರಂತ. ಮನ್ಯಾಗಿಟ್ರ ಬಾಜೂದವ್ರಿಗೆ ಕಸಿವಿಸಿ ಆಕ್ಕೈತಿ, ಇಲ್ಲೇ ಇರಲಿ ಅಂತ ಇಲ್ಲಿ ತಂದು ಹಚ್ಚಿದ್ರು." ಚಾ ಸೋಸುತ್ತ ಕೇಳಿದಳು: "ನೀವೂ ಗೋಕಾಕದವರೇನು? ಯಾಕೋ ಈ ನಡುವ ಬಂದಿಲ್ಲ ಅವರು. ಆರಾಮದಾರಿಲ್ಲೋ?"

ಹೇಳಿದೆ. ಹೇಗೆ ಹೇಳಿದೆನೆಂಬುದು ನೆನಪಿಲ್ಲ. ಆಕೆ ಸ್ಟೋವು ಆರಿಸಿದಳು. ಅರ್ಧ ಸೋಸಿದ ಚಾ ಹಾಗೆಯೇ ಬಿಟ್ಟು, ಬಂದು ಬೆಂಚಿನ ಇನ್ನೊಂದು ತುದಿಗೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡಳು. ಸಂತೆಯ ಮಂದಿ ಬಂದು, ಸ್ಟೋವು ನೋಡಿ, ತಿರುಗಿ ಹೋದರು. ನಾನು ಡಬ್ಬಿಯನ್ನು ನಮ್ಮಿಬ್ಬರ ನಡುವೆ ಇಟ್ಟೆ. ಮುಚ್ಚಳ ತೆಗೆಯುವುದೋ ಬೇಡವೋ ತಿಳಿಯಲಿಲ್ಲ.

ಆಕೆ ಮುಖ ಒರೆಸಿಕೊಂಡು, ಮೇಲಿನ ಫೋಟೋ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅದರಲ್ಲಿ ಏನು ಕಂಡಳೋ.

"ನೀವು ಆ ಕೂಸಿಗೆ ಏನಾಗಬೇಕ್ರಿ?"

"ಏನೂ ಇಲ್ರಿ" ಎಂದೆ. "ಬಾಜೂ ಮನಿಯಾಂವ."